ಹಗಲು ಹೊತ್ತಿನ ಮಿಣುಕು ದೀಪ

ಮೂವತ್ತೊಂದು ವರ್ಷ ಮರಾಕೇಶದ ಬೀದಿಗಳಲ್ಲಿ ಬೈಕು ಓಡಿಸಿದ ಹೆಂಗಸನ್ನು ಕೆಡವಿ, ಆ ಟ್ಯಾಕ್ಸಿಯವನು ಪೊಲೀಸರ ಮುಂದೆ ಹೇಳಿದ್ದು ಒಂದೇ ಮಾತು. "ಕಾಣ್ಲಿಲ್ಲ, ಸಾಹೇಬ್ರೇ."

ಕಾಣದೆ ಹೋಗುವಂಥ ಹೆಂಗಸೇ ತಾಮು? ಮದುವೆಮನೆಗಳ ಅಡುಗೆ ಮಾಡಿ ಮಾಡಿ ದಪ್ಪಗಾದ ತೋಳು, ಕೇಸರಿ ಬಣ್ಣದ ಉದ್ದ ಜೆಲ್ಲಾಬಾ ನಿಲುವಂಗಿ, ಬೈಕಿನ ಹಿಂದೆ ಹಗ್ಗ ಬಿಗಿದು ಕಟ್ಟಿದ ತಾಮ್ರದ ಹಂಡೆ. ಬಾಬ್ ಅಹ್ಮರ್ ಬಾಗಿಲ ಆಚೆಯ ನಾಲ್ಕು ದಾರಿ ಕೂಡುವಲ್ಲಿ, ಬೆಳಿಗ್ಗೆ ಹತ್ತು ಗಂಟೆಯ ಸುಡುಬಿಸಿಲಲ್ಲಿ, ಇಷ್ಟೆಲ್ಲ ಸೇರಿ ಬರುತ್ತಿದ್ದದ್ದು ಅವನಿಗೆ ಕಾಣಲಿಲ್ಲವಂತೆ. ಹೇಳುವವನಿಗೆ ನಾಚಿಕೆ ಇಲ್ಲದಿದ್ದರೂ ಕೇಳುವವರಿಗೆ ಇರಬೇಕಿತ್ತು. ಪೊಲೀಸರು ಬರೆದುಕೊಂಡರು, ಅವನು ಹೋದ.

ಹಂಡೆಗೆ ಬಿದ್ದ ತಗ್ಗನ್ನು ಗಂಡ ಜಿಲಾಲಿ ಎರಡು ದಿನ ಕೂತು ಬಡಿದು ಸರಿಮಾಡಿದ. ಎಡಭುಜದ ಮುಂದಿನ ಎಲುಬು ಕೂಡಲು ಮೂರು ತಿಂಗಳು ಹಿಡಿಯಿತು. ಕಟ್ಟು ಬಿಚ್ಚಿದ ದಿನ ವೈದ್ಯರು "ಇನ್ನು ಗಾಡಿ ಓಡಿಸಬಹುದು" ಎಂದರು. ತಾಮು ಬೈಕಿನ ಬೀಗದ ಕೈಯನ್ನು ಗೋಡೆಯ ಮೊಳೆಗೆ ನೇತುಹಾಕಿದವಳು ಮತ್ತೆ ಮುಟ್ಟಲಿಲ್ಲ. ಮದುವೆಮನೆಗಳಿಗೆ ಮೂರು ಚಕ್ರದ ಸಾಮಾನುಗಾಡಿಯ ಹಿಂದೆ, ಹಂಡೆಗಳ ನಡುವೆ, ಇನ್ನೊಂದು ಹಂಡೆಯ ಹಾಗೆ ಕೂತು ಹೋಗತೊಡಗಿದಳು.

"ಇನ್ನೂ ನೋಯುತ್ತಾ?" ಎಂದು ಜಿಲಾಲಿ ಕೇಳಿದ.

"ಎಲುಬು ನೋಯಲ್ಲ ಕಣ್ರೀ. ಬೀಳೋದು ನನಗೇನು ಹೊಸದಾ? ಹತ್ತೊಂಬತ್ತನೇ ವಯಸ್ಸಿಂದ ಬಿದ್ದಿದ್ದೀನಿ, ಎದ್ದಿದ್ದೀನಿ. ಮೂವತ್ತೊಂದು ವರ್ಷ ಅದೇ ದಾರೀಲಿ ಓಡಾಡಿದ ಮೇಲೆ, ನಾನು ಅಲ್ಲಿ ಇರಲೇ ಇಲ್ಲ ಅಂದ್ನಲ್ಲ, ಅದು ನೋಯುತ್ತೆ," ಎಂದು ಅವಳು ಸೌಟು ತಿರುವುತ್ತ ಹೇಳಿದಳು.

ಜಿಲಾಲಿ ಮೇಸ್ತ್ರಿ ಅವತ್ತು ಊಟ ಬಿಟ್ಟು ಎದ್ದ.

ಈ ಮೇಸ್ತ್ರಿಯ ಬಗ್ಗೆ ಒಂದು ಮಾತು ಹೇಳಬೇಕು. ಬೈಕುಗಳ ಕರೆಂಟು ಕೆಲಸದಲ್ಲಿ ಸೀದಿ ಯೂಸುಫ್ ಮೊಹಲ್ಲಾದಲ್ಲಿ ಅವನನ್ನು ಮೀರಿಸಿದವರಿಲ್ಲ. ಸುಟ್ಟ ಸುರುಳಿಯನ್ನು ಕೈಯಿಂದಲೇ ಸುತ್ತಿ ಜೀವ ತುಂಬುವವನು. ತನ್ನನ್ನು ತಾನು ಹೊಗಳಿಕೊಳ್ಳುವುದಿಲ್ಲ, ಆದರೆ ಬೇರೆಯವರು ಹೊಗಳಲು ತಡಮಾಡಿದರೆ ಮುಖ ಊದಿಸಿಕೊಳ್ಳುತ್ತಾನೆ. ಅರವತ್ತೆರಡಾಯಿತು, ಮಂಡಿ ಕೈಕೊಟ್ಟು ಎಂಟು ವರ್ಷದಿಂದ ತಾನು ಬೈಕು ಹತ್ತುವುದು ಬಿಟ್ಟಿದ್ದ. ಇಡೀ ಊರಿನ ಬೈಕುಗಳ ದೀಪ ಉರಿಸಿದವನ ಹೆಂಡತಿಯೇ ಯಾರ ಕಣ್ಣಿಗೂ ಬೀಳದೆ ಬಿದ್ದಳು ಎಂಬುದು ಅವನ ಗಂಟಲಲ್ಲಿ ಮುಳ್ಳಾಗಿ ನಿಂತಿತು.

ಉಪಾಯ ಹೊಳೆದದ್ದು ತಾಮ್ರದ ಕೆಲಸದವರ ಓಣಿಯಲ್ಲಿ. ಅಂಗಡಿಗಳ ಮುಂದೆ ನೂರಾರು ತಟ್ಟೆಗಳು ತೂಗುಬಿದ್ದಿದ್ದವು. ಎಲ್ಲವೂ ಬಿಸಿಲಿಗೆ ಹೊಳೆಯುತ್ತಿದ್ದವು, ಆದರೆ ಒಂದೂ ಅವನ ಗಮನಕ್ಕೆ ಬರಲಿಲ್ಲ. ಕೊನೆಯ ಅಂಗಡಿಯಲ್ಲಿ ಗಾಳಿಗೆ ಅಲುಗುತ್ತಿದ್ದ ಒಂದೇ ಒಂದು ತಟ್ಟೆ ಬಂದು ಕಣ್ಣಿಗೆ ಕುಕ್ಕಿತು. ಮೇಸ್ತ್ರಿ ಅಲ್ಲೇ ನಿಂತುಬಿಟ್ಟ. ಹಿಂದಿನಿಂದ ಬಂದ ಕತ್ತೆಗಾಡಿಯವನು "ದಾರಿ, ದಾರಿ" ಎಂದು ಕೂಗಿ ಸಾಕಾಗಿ ಅವನನ್ನು ಪಕ್ಕಕ್ಕೆ ತಳ್ಳಿಕೊಂಡು ಹೋದ.

ಬೈಕಿನ ಮುಂದೆ ಸುಮ್ಮನೆ ಉರಿಯುವ ದೀಪ ಹಗಲಲ್ಲಿ ಬಿಸಿಲಿನ ಜೊತೆ ಬೆರೆತುಹೋಗುತ್ತದೆ. ಮಿಣುಕುವ ದೀಪ ಬೆರೆಯುವುದಿಲ್ಲ. ಹೇಳಿದಷ್ಟು ಸುಲಭವಲ್ಲ ಮಾಡುವುದು. ಪೂರ್ತಿ ಆರಿಸಿ ಹೊತ್ತಿಸಿದರೆ ಬಲ್ಬಿನ ಎಳೆ ತಾಳುತ್ತಿರಲಿಲ್ಲ. ನಿಧಾನವಾದರೆ ತಿರುವು ತೋರಿಸುವ ದೀಪದ ಹಾಗೆ ಕಾಣುತ್ತಿತ್ತು, ವೇಗವಾದರೆ ಸುಮ್ಮನೆ ನಡುಗಿದಂತೆ ಕಾಣುತ್ತಿತ್ತು. ಹನ್ನೊಂದು ಬಲ್ಬು ಸುಟ್ಟವು. ಕೊನೆಗೆ ಬೆಳಕು ಐದರಲ್ಲಿ ಒಂದು ಪಾಲಿಗೆ ಇಳಿದು ಮತ್ತೆ ಪೂರ್ತಿ ಏರುವ ಹಾಗೆ, ಸೆಕೆಂಡಿಗೆ ನಾಲ್ಕು ಸಲ ಮಿಡಿಯುವ ಹಾಗೆ ಕೂಡಿಸಿದ. ಯಾರದೋ ತೋಟದ ಕೆಟ್ಟ ದೀಪದಿಂದ ಬೆಳಕು ಅಳೆಯುವ ಕಣ್ಣೊಂದನ್ನು ಕಿತ್ತು ಜೋಡಿಸಿದ್ದರಿಂದ, ಸಂಜೆಯಾದರೆ ಮಿಡಿತ ತಾನೇ ನಿಂತು ದೀಪ ಮಾಮೂಲಿಯಾಗಿ ಉರಿಯುತ್ತಿತ್ತು. ಇಡೀ ಯಂತ್ರ ಬೆಂಕಿಪೊಟ್ಟಣದಷ್ಟು. ಮೂರು ವಾರದ ಕೆಲಸವನ್ನು ಅಂಗೈ ಮೇಲೆ ಇಟ್ಟುಕೊಂಡು ಮೇಸ್ತ್ರಿ ಹೆಂಡತಿಯ ಹತ್ತಿರ ಹೋದ.

ತಾಮು ನೋಡಿದವಳೇ ಮೂಗು ಮುರಿದಳು. "ನಾನೇನು ಆಂಬುಲೆನ್ಸಾ? ನಾನು ಬಂದೆ ಅಂತ ಊರಿಗೆಲ್ಲ ಡಂಗುರ ಹೊಡೀಬೇಕಾ?"

"ಡಂಗುರ ಅಲ್ಲ ಕಣೆ, ದೀಪ."

"ದೀಪ ಹಚ್ಚಿದ್ರೆ ಮಾತ್ರ ಕಾಣೋ ಹೆಂಗಸು ಅಂತಾಯ್ತಲ್ಲ. ಬೇಡ ಹೋಗ್ರೀ."

ಮೇಸ್ತ್ರಿ ಅದನ್ನು ಅವಳ ಬೈಕಿಗೆ ಜೋಡಿಸಿ, ಒರೆಸಿ, ಅಂಗಡಿ ಮುಂದೆ ನಿಲ್ಲಿಸಿದ. ಉಳಿದ ಕೆಲಸವನ್ನು ಸಾಮಾನುಗಾಡಿಯವನು ಮಾಡಿಕೊಟ್ಟ. ಬುಧವಾರ ಬೆಳಿಗ್ಗೆ ಬಂದವನು, "ಅಮ್ಮಾ, ಇವತ್ತು ಜಾಗ ಕಮ್ಮಿ, ಈರುಳ್ಳಿ ಮೂಟೆ ಮೇಲೆ ಕೂತ್ಕೊಂಡು ಬರ್ತೀರಾ? ಸ್ವಲ್ಪ ಹಗುರಕ್ಕೆ ಕೂತ್ಕೊಳ್ಳಿ, ಈರುಳ್ಳಿ ನಜ್ಜುಗುಜ್ಜಾಗುತ್ತೆ," ಎಂದ. ತಾಮು ಸೀದಾ ಒಳಗೆ ಹೋಗಿ ಮೊಳೆಯಿಂದ ಬೀಗದ ಕೈ ತೆಗೆದಳು, ಹೆಲ್ಮೆಟ್ ಹಾಕಿಕೊಂಡಳು, ಬಿಸ್ಮಿಲ್ಲಾ ಎಂದು ಬೈಕು ಹತ್ತಿದಳು.

ಮೇಸ್ತ್ರಿ ಆ ದಿನ ಒಂದು ತಂತಿಯನ್ನೂ ಸರಿಯಾಗಿ ಕೂಡಿಸಲಿಲ್ಲ. ಸಂಜೆ ಹೆಂಡತಿ ಬಂದಾಗ ಅವಳ ಮುಖ ನೋಡಿಯೇ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ಏನ್ರೀ ಮಾಡಿದ್ದೀರ ಅದಕ್ಕೆ?" ತಾಮು ಇಳಿಯುವ ಮೊದಲೇ ಶುರುಮಾಡಿದಳು. "ಎದುರಿಂದ ಬರೋರೆಲ್ಲ ನಿಧಾನ ಆಗ್ತಾರೆ. ಟ್ಯಾಕ್ಸಿಗಳು ಅಂಚಿಗೆ ಸರೀತಾವೆ. ಬೈಕಿನ ಹುಡುಗ್ರು ಮೊಣಕೈಗೆ ಸಿಕ್ಕಿಸ್ಕೊಂಡಿರೋ ಹೆಲ್ಮೆಟ್ ತೆಗೆದು ತಲೆಗೆ ಹಾಕ್ಕೋತಾರೆ, ಬೆನ್ನು ನೆಟ್ಟಗೆ ಮಾಡ್ಕೋತಾರೆ. ನಾನು ದೊಡ್ಡೋಳು ಅಂತ ಮರ್ಯಾದೆ. ಒಬ್ಬನಂತೂ ಇಳಿದು ತಳ್ಕೊಂಡು ಹೋದ."

"ಇಳಿದು ತಳ್ಕೊಂಡು ಹೋದ್ನಾ?"

"ಅಲ್ಲಾನ ಆಣೆ."

ಜಿಲಾಲಿಗೆ ಕೋಡು ಬಂತು. ಬರದೆ ಏನು? ಐದು ದಿನ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೂಲೆಯ ಚಹಾದಂಗಡಿಯಲ್ಲಿ ಕೇಳದವರಿಗೂ ದೀಪದ ಕಥೆ ಹೇಳಿದ. ನೆರೆಯ ಇಬ್ಬರು ಹೆಂಗಸರು ತಮ್ಮ ಬೈಕಿಗೂ ಹಾಕಿಕೊಡು ಎಂದು ಬಂದರು. ಮೇಸ್ತ್ರಿ, "ನೋಡೋಣ, ಇದು ಎಲ್ಲರಿಗೂ ಹಿಡಿಸೋ ಕೆಲಸ ಅಲ್ಲ," ಎಂದು ಗಂಭೀರವಾಗಿ ಗಡ್ಡ ನೀವಿದ. ತಾಮು ಹಳೆಯ ತಾಮು ಆದಳು. ಬೆಳಿಗ್ಗೆ ಹಾಡಿಕೊಂಡು ಹೋಗುತ್ತಿದ್ದಳು, ಸಂಜೆ ಜಗಳ ಆಡಿಕೊಂಡು ಬರುತ್ತಿದ್ದಳು.

ಭಾನುವಾರ ಕ್ಷೌರದ ಅಲ್ಲಾಲ್ ಮೇಸ್ತ್ರಿಯ ಅಂಗಡಿಗೆ ಬೈಕು ತಳ್ಳಿಕೊಂಡು ಬಂದ. ಹೆಲ್ಮೆಟ್ ಅವನ ತಲೆಯ ಮೇಲೆ ಹಿಂದುಮುಂದಾಗಿ ಕೂತಿತ್ತು. ಇವನು ಜಿಲಾಲಿಯ ಬಾಲ್ಯದ ಗೆಳೆಯ, ಊರಿನ ಯಾವ ಸುದ್ದಿಯನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡವನಲ್ಲ.

"ಪೊಲೀಸ್ ಎಲ್ಲಿ ನಿಂತಿದ್ದಾರೆ ಇವತ್ತು?" ಎಂದ.

"ಯಾವ ಪೊಲೀಸು?"

"ನಿನ್ನ ಹೆಂಡ್ತಿ ಎದುರಿಂದ ಬಂದ್ರು, ದೀಪ ಮಿಣುಕಿಸಿದ್ರು. ನನ್ನ ಲೈಸೆನ್ಸ್ ಅವಧಿ ಮುಗಿದಿದೆ ಮಾರಾಯ, ಅಲ್ಲಿಂದ ಇಲ್ಲಿವರೆಗೂ ತಳ್ಕೊಂಡೇ ಬಂದೆ. ನೋಡಿದ್ರೆ ದಾರೀಲಿ ಒಂದು ಟೋಪೀನೂ ಇಲ್ಲ. ಐದು ದಿನದಿಂದ ಹಿಂಗೇ ಆಗ್ತಿದೆ ಅಂತ ಎಲ್ಲರೂ ಹೇಳ್ತಾರೆ. ಲಲ್ಲಾ ತಾಮು ಅಮ್ಮಾವ್ರು ಒಳ್ಳೇ ಮನಸ್ಸಿನೋರು, ಎಲ್ಲರಿಗೂ ಮೊದ್ಲೇ ತಿಳಿಸ್ತಾರೆ, ಆದ್ರೆ ಎಷ್ಟೋ ಸಲ ಪೊಲೀಸರೇ ಇರಲ್ಲ ಅಂತ."

ಜಿಲಾಲಿಯ ಕೈಯಲ್ಲಿದ್ದ ಇಕ್ಕಳ ಹಾಗೇ ನಿಂತಿತು. ಎದುರಿನಿಂದ ಬರುವವನು ದೀಪ ಮಿಣುಕಿಸಿದರೆ ಮುಂದೆ ಪೊಲೀಸ್ ನಿಂತಿದ್ದಾರೆ ಎಂದು ಅರ್ಥ. ಈ ಊರಿನಲ್ಲಿ ಎಳೆಮಗುವಿಗೂ ಗೊತ್ತಿರುವ ಮಾತು. ಅವನೇ ಪ್ರಾಯದಲ್ಲಿ ಸಾವಿರ ಸಲ ಮಿಣುಕಿಸಿದ್ದ. ಎಂಟು ವರ್ಷ ಅಂಗಡಿಯೊಳಗೆ ಕೂತು, ದೀಪವನ್ನು ಹಿಂದಿನಿಂದ, ತಂತಿಯ ಕಡೆಯಿಂದಲೇ ನೋಡಿ ನೋಡಿ, ಅದು ಎದುರಿನವರಿಗೆ ಏನು ಹೇಳುತ್ತದೆ ಎಂಬುದನ್ನೇ ಮರೆತಿದ್ದ.

ವಿಷಯ ತಿಳಿದ ಅಲ್ಲಾಲ್ ನೆಲದ ಮೇಲೆ ಕೂತು ನಕ್ಕ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು. ಮರಾಕೇಶಕ್ಕೆ ಮರಾಕೇಶವೇ ತಲೆ ಮುಟ್ಟಿ ನೋಡ್ಕೋತಿದೆ."

"ಮುಚ್ಚೋ ಬಾಯಿ," ಎಂದ ಜಿಲಾಲಿ. ಇಂಗು ತಿಂದ ಮಂಗನ ಹಾಗಾಗಿತ್ತು ಅವನ ಮುಖ.

ಹೆಂಡತಿಗೆ ಹೇಳದೆ ಇರಬಹುದಿತ್ತು. ಅವಳು ಖುಷಿಯಾಗಿದ್ದಳು, ಕ್ಷೇಮವಾಗಿದ್ದಳು, ಕಾರಣ ಯಾವುದಾದರೇನು? ಆದರೆ ಕೆಲಸದ ವಿಷಯದಲ್ಲಿ ಸುಳ್ಳು ಹೇಳಿ ಮೇಸ್ತ್ರಿಗೆ ಅಭ್ಯಾಸವಿರಲಿಲ್ಲ. ಊಟಕ್ಕೆ ಕೂತಾಗ ಹೇಳಿಬಿಟ್ಟ. ತಾಮು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಹಾಗಾದ್ರೆ ಅವ್ರು ನೋಡಿದ್ದು ನನ್ನನ್ನಲ್ಲ," ಎಂದಳು. "ಪೊಲೀಸಿನವನನ್ನ."

"ನಾಳೆ ಬೆಳಿಗ್ಗೆ ಬಿಚ್ಚಿ ಹಾಕ್ತೀನಿ ತಾಮು. ಸುಳ್ಳು ಹೇಳೋ ದೀಪ ನನಗೆ ಬೇಡ."

ಅವಳ ಕಣ್ಣಲ್ಲಿ ನೀರು ಬಂತು, ಸಾರಿನ ಖಾರಕ್ಕೆ ಬಂದಿದ್ದೆಂದು ತೋರಿಸಿಕೊಂಡು ಒರೆಸಿಕೊಂಡಳು. ಜಿಲಾಲಿಗೆ ತನ್ನ ಮೂರು ವಾರದ ಕೆಲಸದ ಮೇಲೆ ಮಣ್ಣು ಸುರಿದಷ್ಟು ದುಃಖವಾಯಿತು.

ಬೆಳಿಗ್ಗೆ ಅವನು ಸ್ಕ್ರೂಡ್ರೈವರ್ ಹಿಡಿದು ಬೈಕಿನ ಮುಂದೆ ಕೂತಿದ್ದಾಗ ಸಂಚಾರಿ ಪೊಲೀಸ್ ಶರ್ಕಿ ಬಂದ. ಬಾಬ್ ಅಹ್ಮರ್‌ನ ನಾಲ್ಕು ದಾರಿಯಲ್ಲಿ ನಿಲ್ಲುವವನು ಅವನೇ. ಎತ್ತರದ ಮನುಷ್ಯ, ಬೈಯುವಾಗಲೂ ಮೀಸೆಯ ಕೆಳಗೆ ನಗು ಇಟ್ಟುಕೊಂಡಿರುವವನು.

"ಲಲ್ಲಾ ತಾಮು, ಐದು ದಿನದಿಂದ ನನ್ನ ಕಣ್ಣಿಗೆ ಹೆಲ್ಮೆಟ್ ಇಲ್ಲದ ಒಂದು ತಲೆ ಬಿದ್ದಿಲ್ಲ," ಎಂದ. "ನಿದ್ದೆ ಮಾಡ್ತಿದ್ದೀಯಾ ಅಂತ ನಮ್ಮ ಸಾಹೇಬ್ರು ಕೇಳಿದ್ರು."

ತಾಮು ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ನೀನು ಅಲ್ಲಿ ನಿಲ್ಲೋದು ಯಾಕಪ್ಪ? ಜನ ಹೆಲ್ಮೆಟ್ ಹಾಕ್ಕೊಳ್ಲಿ ಅಂತ ತಾನೆ? ಹಾಕ್ಕೊಂಡ್ರಲ್ಲ. ನೀನು ಹತ್ತು ವರ್ಷ ಸೀಟಿ ಊದಿ ಆಗದ್ದು ನನ್ನ ಗಂಡನ ಬೆಂಕಿಪೊಟ್ಟಣ ಐದು ದಿನದಲ್ಲಿ ಮಾಡ್ತು. ಥ್ಯಾಂಕ್ಸ್ ಹೇಳಿ ಹೋಗು."

ಶರ್ಕಿ ನಕ್ಕ. "ಅದಕ್ಕೇ ನಾನು ಬಿಚ್ಚಿ ಅಂತ ಹೇಳಕ್ಕೆ ಬಂದಿಲ್ಲ. ಬೇರೆ ದಾರಿ ಹಿಡಿದಿದ್ದೀನಿ. ಇವತ್ತು ಬೆಳಗಿನ ಜಾವದಿಂದ ಟ್ಯಾಕ್ಸಿ ನಿಲ್ದಾಣ, ಚಹಾದಂಗಡಿ, ಬೈಕಿನ ಹುಡುಗ್ರು, ಎಲ್ಲರಿಗೂ ಹೇಳ್ಕೊಂಡು ಬಂದೆ. ಆ ಮಿಣುಕು ದೀಪ ಪೊಲೀಸಂದಲ್ಲ, ಅಡುಗೆ ತಾಮುದು ಅಂತ. ಇನ್ಮೇಲೆ ನಿಮ್ಮ ದೀಪ ನೋಡಿ ಯಾರೂ ಹೆದರಲ್ಲ." ಟೋಪಿ ಸರಿಮಾಡಿಕೊಂಡು ಹೊರಟುಹೋದ.

ಜಿಲಾಲಿ ಮೊದಲ ಸ್ಕ್ರೂಗೆ ಸ್ಕ್ರೂಡ್ರೈವರ್ ಇಟ್ಟ. ಇನ್ನು ಅದು ಕಾಸಿಗೂ ಉಪಯೋಗವಿಲ್ಲ ಎಂದು ಅವನಿಗೆ ಅನ್ನಿಸಿತ್ತು. ಹೆದರುವವರೇ ಇಲ್ಲದ ಮೇಲೆ ನಿಲ್ಲುವವರು ಯಾರು?

"ಕೈ ತೆಗೀರಿ," ಎಂದಳು ತಾಮು.

"ಕೇಳಿದ್ಯಲ್ಲ ಅವನು ಹೇಳಿದ್ದು."

"ಕೇಳಿದ್ದಕ್ಕೇ ಹೇಳ್ತಿರೋದು. ಈಗ ಪೊಲೀಸ್ ಇಲ್ಲ ಅಂತ ಎಲ್ಲರಿಗೂ ಗೊತ್ತು. ಈಗ ನಿಂತ್ರೆ ನನಗೋಸ್ಕರ ನಿಂತ ಹಾಗೆ. ನಿಲ್ಲದಿದ್ರೆ ನಾನೇ ಬೀಗದ ಕೈ ಬಾವಿಗೆ ಹಾಕ್ತೀನಿ, ಈರುಳ್ಳಿ ಮೂಟೆ ಮೇಲೇ ಕೂತು ಸಾಯ್ತೀನಿ." ಅವಳು ಬೈಕು ಹತ್ತಿ ಹಿಂದಿನ ಸೀಟು ತಟ್ಟಿದಳು. "ಹತ್ತಿ."

"ನಾನಾ?"

"ಮಾಡಿದ್ದು ನೀವು, ನೋಡೋರೂ ನೀವೇ ಆಗ್ಬೇಕು. ಕೆಡವಿದ್ರೆ ಇಬ್ಬರನ್ನೂ ಒಟ್ಟಿಗೇ ಕೆಡವಲಿ."

ಮರಾಕೇಶದಲ್ಲಿ ಹೆಂಗಸರು ಬೈಕು ಓಡಿಸುವುದನ್ನು ಯಾರೂ ತಿರುಗಿ ನೋಡುವುದಿಲ್ಲ. ಆದರೆ ಕರೆಂಟಿನ ಮೇಸ್ತ್ರಿ ಹೆಂಡತಿಯ ಬೆನ್ನಿಗೆ ಅಂಟಿಕೊಂಡು ಕೂತು ಮೊಹಲ್ಲಾ ದಾಟುವುದು ಬೇರೆ ಮಾತು. ಮೂವತ್ತೊಂದು ವರ್ಷದಲ್ಲಿ ಅವನು ಒಮ್ಮೆಯೂ ಅವಳ ಹಿಂದೆ ಕೂತಿರಲಿಲ್ಲ. ಹೆಲ್ಮೆಟ್ ಹಾಕಿಕೊಂಡು, ಕೆಟ್ಟ ಮಂಡಿಯನ್ನು ಕೈಯಿಂದ ಎತ್ತಿ ಆಚೆ ಹಾಕಿ, ಹತ್ತಿದ. ಚಹಾದಂಗಡಿಯ ಮುಂದೆ ಎಲ್ಲ ಲೋಟಗಳೂ ತುಟಿಯ ಹತ್ತಿರ ನಿಂತವು.

"ಮೇಸ್ತ್ರಿ, ಗಟ್ಟಿಯಾಗಿ ಹಿಡ್ಕೋ, ಉದುರೀಯ," ಎಂದು ಅಲ್ಲಾಲ್ ಕೂಗಿದ.

"ನೀನು ತಳ್ಕೊಂಡೇ ಬಾ, ಹಿಂದಿನಿಂದ," ಎಂದು ಮೇಸ್ತ್ರಿ ತಿರುಗಿ ಹೇಳಿದ.

ದೊಡ್ಡ ರಸ್ತೆಗೆ ಬಂದರು. ಶರ್ಕಿ ಮಾತಿಗೆ ತಪ್ಪಿರಲಿಲ್ಲ. ಎದುರಿಂದ ಬರುವ ಒಬ್ಬ ಹುಡುಗನೂ ಹೆಲ್ಮೆಟ್ ಮುಟ್ಟಲಿಲ್ಲ. ಬೆನ್ನು ನೆಟ್ಟಗಾಗಲಿಲ್ಲ. ಕೆಲವರು ಹಲ್ಲುಬಿಟ್ಟರು, ಒಬ್ಬ "ಸಲಾಂ, ಪೊಲೀಸ್ ಅಮ್ಮ," ಎಂದು ಕೂಗಿ ಹೋದ. ಜಿಲಾಲಿ ಹೆಂಡತಿಯ ಬೆನ್ನ ಹಿಂದೆ ಕುಗ್ಗಿದ. ಐದು ದಿನದ ಗೌರವವೆಲ್ಲ ಹೆದರಿಕೆಯೇ ಆಗಿತ್ತೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಅವಳ ಕಿವಿಯ ಹತ್ತಿರ ಬಾಗಿ, "ವಾಪಸ್ ಹೋಗೋಣ ಕಣೆ," ಎಂದ. ಗಾಳಿಗೆ ಅವಳಿಗೆ ಕೇಳಿಸಲಿಲ್ಲ, ಕೇಳಿಸಿದ್ದರೂ ಅವಳು ಕೇಳುವವಳಲ್ಲ.

ನಾಲ್ಕು ದಾರಿ ಬಂತು. ಮುಂದುಗಡೆ ಜಿಲಾಲಿಗೆ ಕಾಣುತ್ತಿದ್ದದ್ದು ಕೇಸರಿ ಬಣ್ಣದ ಬೆನ್ನು ಒಂದೇ. ಎಡಗಡೆಯಿಂದ ಓರೆಯಾಗಿ ಬಂದು ಕೂಡುವ ದಾರಿಯಿಂದ ಟ್ಯಾಕ್ಸಿಯೊಂದರ ಮೂತಿ ಹೊರಬಂತು, ವೇಗವಾಗಿಯೇ ಬಂತು. ಹೋದ ಸಲವೂ ಎಡಗಡೆಯಿಂದಲೇ. ಅವನ ಅಂಗೈ ಅವಳ ಎಡಭುಜದ ಮೇಲಿತ್ತು. ಕೂಡಿದ ಎಲುಬಿನ ಗಂಟು ಬಟ್ಟೆಯ ಕೆಳಗೆ ಕೈಗೆ ಸಿಗುತ್ತಿತ್ತು. ಆ ಭುಜ ಬಿಗಿಯಾಯಿತು, ಆದರೆ ಬೈಕಿನ ವೇಗ ಒಂದು ಚೂರೂ ಇಳಿಯಲಿಲ್ಲ. ಮೇಸ್ತ್ರಿ ಕಣ್ಣು ಮುಚ್ಚಿ ಸಾಯುವ ಮುನ್ನ ಹೇಳುವ ಶಹಾದಾ ಹೇಳಿಕೊಂಡ.

ಬ್ರೇಕಿನ ಕೀರಲು ಕೇಳಿಸಿತು. ಕಣ್ಣು ತೆರೆದಾಗ ಟ್ಯಾಕ್ಸಿ ನಾಲ್ಕು ಮಾರು ದೂರದಲ್ಲಿ ಮೂತಿ ತಗ್ಗಿಸಿ ನಿಂತಿತ್ತು. ಚಾಲಕ ಕಿಟಕಿಯಿಂದ ಅರ್ಧ ಮೈ ಹೊರಹಾಕಿದ್ದ. ಕೋಪದಿಂದ ಅವನ ಮುಖ ಕೆಂಪಾಗಿತ್ತು.

"ಏನಮ್ಮಾ ತಾಯಿ, ನಿನ್ನ ಆ ಸುಡುಗಾಡು ದೀಪ ಆರಿಸಕ್ಕೆ ಏನು ತಗೋತೀಯಾ? ಮಸೀದಿ ಹತ್ರದಿಂದ ಕಣ್ಣಿಗೆ ಚುಚ್ತಾ ಬಂದಿದ್ದೀಯ. ಬೇರೆ ಕಡೆ ನೋಡೋಣ ಅಂದ್ರೆ ಆಗಲ್ಲ, ತಲೆ ಸಿಡೀತಿದೆ. ಪೊಲೀಸು ಅಲ್ಲ ಅಂತ ಗೊತ್ತು, ಆದ್ರೂ ನೋಡ್ಲೇಬೇಕು, ಇದೇನು ಕರ್ಮ? ದಾಟು ಅತ್ಲಾಗೆ, ದಾಟು."

ಇಂಥ ಸಿಹಿ ಬೈಗುಳವನ್ನು ಜಿಲಾಲಿ ತನ್ನ ಅರವತ್ತೆರಡು ವರ್ಷದಲ್ಲಿ ಕೇಳಿರಲಿಲ್ಲ. ಮಸೀದಿಯ ಹತ್ತಿರದಿಂದ. ಅಂದರೆ ಮುನ್ನೂರು ಹೆಜ್ಜೆ ದೂರದಿಂದ. ಹೆದರಿಕೆ ಇಲ್ಲದೆ, ಮರ್ಯಾದೆಯೂ ಇಲ್ಲದೆ, ಇಷ್ಟವಿಲ್ಲದಿದ್ದರೂ ಆ ಮನುಷ್ಯ ತಾಮುವನ್ನು ನೋಡುತ್ತ ಬಂದಿದ್ದ.

"ಅಲ್ಲಾ ನಿನ್ನ ತಾಯಿ ತಂದೆನ ಚೆನ್ನಾಗಿಟ್ಟಿರಲಿ," ಎಂದು ಮೇಸ್ತ್ರಿ ಕೈ ಎತ್ತಿ ಹರಸಿದ. ಚಾಲಕನಿಗೆ ಇನ್ನೂ ಕೋಪ ಬಂತು.

ತಾಮು ದಾಟಿದಳು. ಆಚೆ ದಡದಲ್ಲಿ, ಹಳೆಯ ಗೋಡೆಯ ನೆರಳಿನಲ್ಲಿ ಬೈಕು ನಿಲ್ಲಿಸಿ ಹೆಲ್ಮೆಟ್ಟಿನ ಒಳಗೇ ನಗತೊಡಗಿದಳು. ಭುಜ ಕುಣಿಯುವಷ್ಟು ನಕ್ಕಳು. ನಗು ನಡುವೆಯೇ ಎಲ್ಲೋ ಅಳುವಾಯಿತು, ಅದೂ ಮುಗಿಯಿತು. ಜಿಲಾಲಿ ಅವಳ ಬೆನ್ನು ಸವರಿದ. ನನ್ನ ಹೆಂಡತಿ, ಎಂದು ಮನಸ್ಸಿನಲ್ಲೇ ಅಂದುಕೊಂಡ. ದೀಪದ ಯೋಚನೆ ಅವನಿಗೆ ಆ ಹೊತ್ತಿನಲ್ಲಿ ಬರಲೂ ಇಲ್ಲ.

"ಇಳೀರಿ," ಎಂದಳು ತಾಮು.

"ಯಾಕೆ?"

"ಮದುವೆಮನೇಲಿ ಅರವತ್ತು ಕೋಳಿ ಕಾಯ್ತಾ ಇವೆ. ನಿಮ್ಮನ್ನ ಹೊತ್ಕೊಂಡು ಅಲ್ಲೀವರೆಗೂ ಹೋದ್ರೆ ಪೆಟ್ರೋಲು ದಂಡ."

"ಮನೆಗೆ ಬಿಟ್ಟು ಹೋಗೇ. ಮಂಡಿ ನೋವು."

"ನಿಧಾನಕ್ಕೆ ನಡೀರಿ. ದಾರೀಲಿ ಎಲ್ಲರಿಗೂ ನಿಮ್ಮ ದೀಪದ ಕಥೆ ಹೇಳ್ಕೊಂಡು ಹೋಗಿ, ಹೇಗೂ ಹೇಳದೆ ಬಿಡಲ್ಲ."

ಅವನು ಇಳಿದ. ಅವಳು ಹೊರಟಳು. ಹಿಂದೆ ನಿಂತವನಿಗೆ ತಾನು ಮಾಡಿದ ದೀಪ ಕಾಣಲಿಲ್ಲ. ಅದು ಮುಂದಿನವರಿಗೆ ಮಾಡಿದ್ದು. ಅವನಿಗೆ ಕಂಡದ್ದು ರಸ್ತೆ. ಅಡ್ಡ ದಾಟಲು ಬಂದ ಕುದುರೆಗಾಡಿಯವನು ಲಗಾಮು ಎಳೆದ. ಓಣಿಯಿಂದ ಹೊರಬಂದ ವ್ಯಾನು ಅಲ್ಲೇ ನಿಂತಿತು. ಒಬ್ಬೊಬ್ಬರೇ ತಲೆ ಎತ್ತುತ್ತಿದ್ದರು, ಕೇಸರಿ ಬಣ್ಣ ಅವರ ನಡುವೆ ಸಲೀಸಾಗಿ ಸಾಗುತ್ತಿತ್ತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಮೇಸ್ತ್ರಿ ನೋಡಿದ.

ಮನೆಗೆ ಮುಕ್ಕಾಲು ಗಂಟೆಯ ದಾರಿ. ಹೆಲ್ಮೆಟ್ ತೆಗೆಯುವುದೂ ಮರೆತು, ಕುಂಟುತ್ತ, ಬಿಸಿಲಲ್ಲಿ ನಡೆದ. ಚಹಾದಂಗಡಿಯ ಮುಂದೆ ಬಂದಾಗ ಬೆಳಗಿನ ಜನವೆಲ್ಲ ಅಲ್ಲೇ ಇದ್ದರು.

"ಏನು ಮೇಸ್ತ್ರಿ," ಎಂದ ಅಲ್ಲಾಲ್, "ಹೋಗುವಾಗ ಇಬ್ಬರು, ಬರುವಾಗ ನೀನೊಬ್ಬನೇ, ಅದೂ ಕಾಲ್ನಡಿಗೇಲಿ. ಹೆಂಡ್ತಿ ನಡುದಾರೀಲಿ ಬಿಟ್ಟು ಹೋದ್ರಾ?"

ಜಿಲಾಲಿ ಕುರ್ಚಿ ಎಳೆದು ಎಲ್ಲರಿಗೂ ಕಾಣುವ ಹಾಗೆ ನಡುವೆ ಕೂತ. ಮಂಡಿಯನ್ನು ಎರಡೂ ಕೈಯಿಂದ ನೀವಿಕೊಂಡ.

"ಹೂಂ, ಬಿಟ್ಟು ಹೋದ್ಲು," ಎಂದ. "ಒಬ್ಬಳೇ ಹೋದ್ಲು."